ಸಾಲು, ಸೋಬಾನೆ, ಕಂದ: ಮಂಡ್ಯ ಸೀಮೆಯ ಸಂಗೀತ

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹೆದ್ದಾರಿಯಲ್ಲಿ, ಚನ್ನಪಟ್ಟಣವನ್ನು ಹಿಂದಿಕ್ಕಿ ಮದ್ದೂರನ್ನು ಸಮೀಪಿಸುವ ಮುನ್ನ, ನಿಡಘಟ್ಟವೆಂಬ ಗ್ರಾಮ ದೊರೆಯುತ್ತದೆ. ಅಲ್ಲಿಂದ ದಕ್ಷಿಣದ ಕಡೆಗೆ ತಿರುಗಿದರೆ ಮಳವಳ್ಳಿ ತಾಲ್ಲೂಕಿನ ಹಲಗೂರು. ಅದೇ ತಾಲ್ಲೂಕಿನ ತೆಂಕಣ ಭಾಗದಲ್ಲಿ ಬೊಪ್ಪೇಗೌಡನಪುರ. ಕಾವೇರಿಯನ್ನು ದಾಟಿದರೆ ಕೊಳ್ಳೇಗಾಲ ಸೀಮೆಯ ಚಿಕ್ಕಲ್ಲೂರು. ವಾಹನದಲ್ಲಿ ಸಾಗುವ ಪ್ರಯಾಣಿಕನು ಇವುಗಳ ಹೆಸರನ್ನು ಫಲಕಗಳಲ್ಲಿ ಓದಿ ಮುಂದೆ ಹೋಗುತ್ತಾನೆ. ತಂಬೂರಿಯನ್ನು ಹೆಗಲಿಗೇರಿಸಿ ಊರೂರು ತಿರುಗುವ ನೀಲಗಾರರಿಗಾದರೋ ಈ ನಾಲ್ಕೂ ಮಂಟೇಸ್ವಾಮಿಯೆಂಬ ಗುರುವಿನ ಕಥೆಯನ್ನು ಹೇಳುವ ಒಂದೇ ಮಹಾಕಾವ್ಯದ ನೆಲೆಗಳು. ನಿಡಘಟ್ಟದ ಬಾಚಿ ಬಸವಯ್ಯ ಮತ್ತು ಮುದ್ದಮ್ಮ ದಂಪತಿಗಳ ಮಗನಾದ ಕೆಂಪಾಚಾರಿಯನ್ನು ಮಂಟೇಸ್ವಾಮಿಯು ಶಿಶುಮಗನನ್ನಾಗಿ ಬೇಡಿದುದು, ಆ ಬಾಲಕನು ಸಿದ್ಧಪ್ಪಾಜಿಯಾಗಿ ಗುರುವಿನ ಅಪ್ಪಣೆಯಂತೆ ಹಲಗೂರಿನ ಪಾಂಚಾಳರಲ್ಲಿಗೆ ಕಬ್ಬಿಣದ ಭಿಕ್ಷೆಗೆ ಹೋದುದು, ಅಲ್ಲಿ ಅವರಿಕ್ಕಿದ ವಿಷವನ್ನು ಜೀರ್ಣಿಸಿಕೊಂಡು ಅವರ ಗರ್ವವನ್ನಿಳಿಸಿದುದು, ಗುರುವು ಬೊಪ್ಪೇಗೌಡನಪುರದಲ್ಲಿಯೂ ಶಿಷ್ಯನು ಚಿಕ್ಕಲ್ಲೂರಿನಲ್ಲಿಯೂ ಗದ್ದುಗೆಗೊಂಡುದು, ಇವೆಲ್ಲ ಆ ಹಾಡಿನಲ್ಲಿ ನಿನ್ನೆ ಮೊನ್ನೆ ನೆರೆಯೂರಿನಲ್ಲಿ ನಡೆದ ಸಂಗತಿಗಳಂತೆ ಬರುತ್ತವೆ. ಕೇಳುತ್ತ ಕುಳಿತವನಿಗೆ ಆ ದಾರಿಯ ಬೇಲಿ ಹಳ್ಳಗಳೆಲ್ಲವೂ ಪರಿಚಿತವೇ.

ನೀಲಗಾರರ ಮೇಳದಲ್ಲಿ ಮುಖ್ಯ ಹಾಡುಗಾರನೊಬ್ಬನಿರುತ್ತಾನೆ. ಒಂದು ಕೈಯಲ್ಲಿ ಹೆಗಲಿಗೊರಗಿದ ತಂಬೂರಿ, ಇನ್ನೊಂದರಲ್ಲಿ ಗಗ್ಗರ. ಬೆಂಬಲಕ್ಕೆ ಡಿಕ್ಕಿ ಬಾರಿಸುವವರು, ತಾಳದವರು, ಸೊಲ್ಲು ಹಿಡಿಯುವ ಹಿಮ್ಮೇಳದವರು. ಕಥೆಯು ಸಾಲುಗಳಾಗಿ ವಿಭಕ್ತವಾಗಿದೆ. ಕಲ್ಯಾಣದ ಸಾಲು, ಹಲಗೂರಿನ ಸಾಲು ಎಂದು ಅವುಗಳಿಗೆ ಹೆಸರು. ಹಾಡುಗಾರನು ಕೆಲವು ನುಡಿಗಳನ್ನು ಹಾಡುತ್ತಲೇ ಹಿಮ್ಮೇಳದವರು ಸ್ವಾಮಿಯನ್ನು ಕರೆಯುವ ಸೊಲ್ಲನ್ನು ಎತ್ತಿಕೊಳ್ಳುತ್ತಾರೆ. ಅದು ಮುಗಿಯುತ್ತಿರುವಾಗಲೇ ಅವನು ಗದ್ಯಕ್ಕೆ ಇಳಿದು, ಊರಿನ ಆಡುಮಾತಿನಲ್ಲಿ ಕಥೆಯನ್ನು ಮುಂದಕ್ಕೆ ನಡೆಸಿ, ಮಾತು ಬಿಸಿಯೇರಿದಂತೆಲ್ಲ ದನಿಯನ್ನು ಎತ್ತರಿಸುತ್ತ, ಯಾವ ಕ್ಷಣದಲ್ಲಿ ಮಾತು ಹೋಗಿ ಹಾಡು ಬಂದಿತೆಂಬುದು ಕೇಳುವವನಿಗೆ ತಿಳಿಯದಂತೆ ಮತ್ತೆ ಗಾನಕ್ಕೆ ಏರುತ್ತಾನೆ. ಕಚೇರಿಯ ತಂಬೂರಿಯು ತಾಳದೊಡನೆ ಸಂಬಂಧವಿಲ್ಲದೆ ಶ್ರುತಿಯನ್ನು ಹರಡುತ್ತಿದ್ದರೆ ಸಾಕು. ನೀಲಗಾರನ ತಂಬೂರಿಯು ಶ್ರುತಿಯನ್ನು ಹಿಡಿದುಕೊಂಡೇ ಗಗ್ಗರದೊಡನೆ ಹೆಜ್ಜೆಯನ್ನೂ ಹಾಕಬೇಕು. ಇರುಳು ಕಳೆದು ಬೆಳಕು ಹರಿಯುವತನಕ ಒಬ್ಬನೇ ಮನುಷ್ಯನು ಕವಿಯೂ ಗಾಯಕನೂ ನಟನೂ ಪುರೋಹಿತನೂ ಆಗಿ ನಡೆಸುವ ಈ ಕಲಾಪವನ್ನು ನಾವು ಯಾವ ಹೆಸರಿನಿಂದ ಕರೆಯಬೇಕು?

ಸಾಮಾನ್ಯವಾಗಿ ನಾವು ಕೊಡುವ ಉತ್ತರ ‘ಜನಪದ ಸಂಗೀತ’ ಎಂಬುದು. ಈ ಉತ್ತರವು ಬಹಳ ಬೇಗ ದೊರೆಯುವುದರಿಂದಲೇ ನನಗೆ ಅದರಲ್ಲಿ ತೃಪ್ತಿಯಿಲ್ಲ. ಶಾಸ್ತ್ರೀಯ, ಜನಪದ, ಸುಗಮ, ಚಲನಚಿತ್ರವೆಂದು ನಾಲ್ಕು ಕೋಣೆಗಳನ್ನು ಕಟ್ಟಿ, ತ್ಯಾಗರಾಜರ ಕೃತಿಗೂ ವರ್ಣಕ್ಕೂ ತಿಲ್ಲಾನಕ್ಕೂ ಮೊದಲನೆಯ ಕೋಣೆಯಲ್ಲಿ ಬೇರೆ ಬೇರೆ ಪೀಠಗಳನ್ನು ಹಾಕಿ, ಎರಡನೆಯದರಲ್ಲಿ ರಾಗಿ ಬೀಸುವ ಪದವನ್ನೂ ತಮಟೆಯ ವಾದನವನ್ನೂ ಇರುಳಿಡೀ ನಡೆಯುವ ಮಹಾಕಾವ್ಯವನ್ನೂ ಒಟ್ಟಿಗೆ ಕೂಡಿಹಾಕುವುದು ನ್ಯಾಯವಲ್ಲ. ನಮ್ಮ ಪ್ರಾಚೀನರು ಹಾಗೆ ಮಾಡಲಿಲ್ಲ. ದೇಶೀ ಸಂಗೀತವನ್ನು ನಿರೂಪಿಸುವಾಗ ಬೃಹದ್ದೇಶಿಯ ಮತಂಗನು ಸ್ತ್ರೀಯರನ್ನೂ ಬಾಲರನ್ನೂ ಗೋಪಾಲರನ್ನೂ ಅರಸರನ್ನೂ ಒಂದೇ ಉಸಿರಿನಲ್ಲಿ ಹೇಳಿ, ಅವರು ತಮ್ಮ ತಮ್ಮ ನಾಡಿನಲ್ಲಿ ಅನುರಾಗದಿಂದ ಹಾಡುವುದೆಲ್ಲ ದೇಶಿಯೆಂದನು; ದನಗಾಹಿಗೂ ದೊರೆಗೂ ಅವನು ಪ್ರತ್ಯೇಕ ಕೋಣೆಗಳನ್ನು ಕಟ್ಟಲಿಲ್ಲ. ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ತನ್ನ ಮಾನಸೋಲ್ಲಾಸದಲ್ಲಿ ಗೀತಪ್ರಬಂಧಗಳನ್ನು ವಿವರಿಸುತ್ತ, ವಿವಾಹದಲ್ಲಿ ಧವಲವನ್ನೂ ಉತ್ಸವದಲ್ಲಿ ಮಂಗಲವನ್ನೂ ಹಾಡತಕ್ಕದ್ದೆಂದೂ, ಧಾನ್ಯವನ್ನು ಕುಟ್ಟುವಾಗ ಮಹಾರಾಷ್ಟ್ರದ ಹೆಂಗಸರು ಓವಿಯನ್ನು ಹಾಡುವರೆಂದೂ ಹೇಳುತ್ತಾನೆ. ಯಾರು, ಯಾವ ಸಂದರ್ಭದಲ್ಲಿ, ಯಾವ ಕೆಲಸದ ನಡುವೆ, ಯಾರ ಮುಂದೆ ಹಾಡುತ್ತಾರೆಂಬುದು ಅಲ್ಲಿ ಪ್ರಕಾರದ ಲಕ್ಷಣದಲ್ಲಿಯೇ ಸೇರಿದೆ. ಯಾವ ಕಲ್ಯಾಣದಲ್ಲಿ ಆ ಗ್ರಂಥವು ಹುಟ್ಟಿತೋ ಅದೇ ಕಲ್ಯಾಣಕ್ಕೆ ಮಂಟೇಸ್ವಾಮಿಯು ಶರಣರನ್ನು ಪರೀಕ್ಷಿಸಲು ಹೋದನೆಂದು ಮಳವಳ್ಳಿಯ ನೀಲಗಾರರು ಹಾಡುತ್ತಾರೆಂಬುದನ್ನು ನೆನೆದಾಗ, ಚಕ್ರವರ್ತಿಯ ಲೆಕ್ಕಣಿಕೆಯೂ ಹೊಲಗೇರಿಯ ತಂಬೂರಿಯೂ ಒಂದೇ ನಾಡಿನ ನೆನಪನ್ನು ಹೊತ್ತಿವೆಯೆಂದು ನನಗೆ ಅನಿಸುತ್ತದೆ.

ಸೋಮೇಶ್ವರನ ಅಳತೆಗೋಲನ್ನು ಹಿಡಿದು ಮಂಡ್ಯ, ಮದ್ದೂರು, ಮಳವಳ್ಳಿಗಳ ಹಳ್ಳಿಗಳನ್ನು ನೋಡಿದರೆ, ಒಂದು ರಾಶಿಯೆಂದು ಕಂಡುದೆಲ್ಲ ಬಿಡಿಬಿಡಿಯಾಗಿ ತೋರತೊಡಗುತ್ತದೆ. ಚಪ್ಪರ ಹಾಕುವುದರಿಂದ ಹಿಡಿದು ಹೆಣ್ಣೊಪ್ಪಿಸುವವರೆಗೆ ಮದುವೆಯ ಪ್ರತಿಯೊಂದು ಶಾಸ್ತ್ರಕ್ಕೂ ತಕ್ಕ ಸೋಬಾನೆಯ ಪದವುಂಟು. ಒಬ್ಬಾಕೆ ಮುಂದಾಗಿ ಹೇಳಿ ಉಳಿದವರು ಹಿಂದಿನಿಂದ ಅದನ್ನೇ ಎತ್ತಿಕೊಳ್ಳುವ ಆ ಪದಗಳಲ್ಲಿ ವಾದ್ಯವೇ ಇಲ್ಲ, ಕೊರಳು ಮಾತ್ರ. ಹೆಣ್ಣೊಪ್ಪಿಸುವ ಪದವನ್ನು ಚಪ್ಪರದ ದಿನ ಯಾರೂ ಹಾಡಲಾರರು. ಮಾರಿಹಬ್ಬದಲ್ಲಿ, ಮಳವಳ್ಳಿಯ ಸಿಡಿಹಬ್ಬದಂಥ ಗ್ರಾಮೋತ್ಸವಗಳಲ್ಲಿ, ಬಿದಿರಿನ ಚೌಕಟ್ಟಿಗೆ ಬಣ್ಣದ ಸೀರೆಗಳನ್ನು ನೆರಿಗೆಯಾಗಿ ಕಟ್ಟಿ ದೇವಿಯ ಮುಖವಾಡವನ್ನಿರಿಸಿದ ‘ಪೂಜೆ’ಯನ್ನು ತಲೆಯ ಮೇಲೆ ಹೊತ್ತು ಕುಣಿಯುವ ಪೂಜಾ ಕುಣಿತಕ್ಕೆ ತಮಟೆಯೇ ಪ್ರಾಣ. ತಮಟೆಯವನು ವಾದನಕ್ಕೆ ಮುನ್ನ ಹುಲ್ಲಿನ ಬೆಂಕಿಯ ಮೇಲೆ ಚರ್ಮವನ್ನು ಕಾಯಿಸಿ, ಬೆರಳಿನಿಂದ ತಟ್ಟಿ ನೋಡಿ, ನಾದವು ಬಿಗಿಯಾಯಿತೆಂದು ತಿಳಿದ ಮೇಲೆಯೇ ಕಡ್ಡಿಯನ್ನೆತ್ತುತ್ತಾನೆ. ಮೃದಂಗದ ವಿದ್ವಾಂಸನು ಶ್ರುತಿಗೂಡಿಸುವಾಗ ತೋರುವ ಶ್ರದ್ಧೆಗೂ ಇದಕ್ಕೂ ಭೇದವನ್ನು ನಾನು ಕಾಣೆನು. ಮಾದೇಶ್ವರನ ಭಕ್ತಗಾಯಕರಾದ ದೇವರಗುಡ್ಡರದು ಬೇರೊಂದು ಲೋಕ. ಒಂದು ಕೈಯಲ್ಲಿ ಕಂಚಿನ ಬಟ್ಟಲು, ಇನ್ನೊಂದರಲ್ಲಿ ಗೊಂಡೆ ಕಟ್ಟಿದ ಚಪ್ಪಟೆಯ ತಾಳ; ಈ ಜೋಡಿಯೇ ಕಂಸಾಳೆ. ಕುಳಿತು ಕಥೆಯನ್ನು ಹಾಡುವಾಗ ಅದು ಲಯದ ವಾದ್ಯ, ಎದ್ದು ಬೀಸುವಾಗ ಅದೇ ಶೌರ್ಯದ ಆಟ.

ವಾದ್ಯಗಳ ಮಾತು ಬಂದುದರಿಂದ ಒಂದು ಸಂಗತಿಯನ್ನು ಹೇಳದೆ ಮುಂದಕ್ಕೆ ಹೋಗಲಾರೆ. ತಂತಿಯ ತತ, ಉಸಿರಿನ ಸುಷಿರ, ಚರ್ಮದ ಅವನದ್ಧ, ಲೋಹದ ಘನವೆಂದು ಭರತನ ನಾಟ್ಯಶಾಸ್ತ್ರವು ಮಾಡಿದ ವಿಭಾಗವು, ಹತ್ತೊಂಬತ್ತನೆಯ ಶತಮಾನದಲ್ಲಿ ಬಂಗಾಳದ ಸೌರೀಂದ್ರಮೋಹನ ಟಾಗೋರರು ಕಳುಹಿಸಿದ ವಾದ್ಯಗಳೊಡನೆ ಬ್ರಸೆಲ್ಸ್ ನಗರವನ್ನು ಸೇರಿ, ಅಲ್ಲಿಯ ವಾದ್ಯ ಸಂಗ್ರಹಾಲಯದ ಪಾಲಕನಾಗಿದ್ದ ಮಾಹಿಯೋಂ ಎಂಬಾತನ ಸೂಚಿಗೆ ಆಧಾರವಾಯಿತು. ಅದನ್ನೇ ವಿಸ್ತರಿಸಿ 1914ರಲ್ಲಿ ಹಾರ್ನ್‌ಬಾಸ್ಟೆಲ್ ಮತ್ತು ಜಾಕ್ಸ್ ಎಂಬ ವಿದ್ವಾಂಸರು ರಚಿಸಿದ ವರ್ಗೀಕರಣವನ್ನು ಇಂದಿಗೂ ಪ್ರಪಂಚದ ಸಂಗ್ರಹಾಲಯಗಳು ಅನುಸರಿಸುತ್ತವೆ. ಹಾಗಿರುವಾಗ ನಮ್ಮ ತಂಬೂರಿ, ತಮಟೆ, ಗಗ್ಗರ, ಕಂಸಾಳೆಗಳನ್ನು ಜಾತ್ರೆಯ ಸಾಮಗ್ರಿಗಳೆಂದು ಬದಿಗಿರಿಸುವುದು ನಮಗೆ ಶೋಭಿಸುವುದಿಲ್ಲ.

ನೀಲಗಾರರ ಸಾಲಿಗೆ ಸಮಾನವಾದ ವಸ್ತುವನ್ನು ಹೊರಗಣ ಪ್ರಪಂಚದಲ್ಲಿ ಹುಡುಕಿದರೆ, ಯೂರೋಪಿನ ಬಾಲ್ಕನ್ ನಾಡುಗಳಲ್ಲಿ, ಗುಸ್ಲೆಯೆಂಬ ಒಂಟಿತಂತಿಯ ವಾದ್ಯದೊಡನೆ ವೀರಕಥೆಗಳನ್ನು ಹಾಡುತ್ತಿದ್ದ ಗಾಯಕರು ಕಣ್ಣಿಗೆ ಬೀಳುತ್ತಾರೆ. ಗ್ರೀಕ್ ಮಹಾಕವಿ ಹೋಮರನ ಕಾವ್ಯಗಳು ಹೇಗೆ ಹುಟ್ಟಿರಬಹುದೆಂಬುದನ್ನು ಅರಿಯಬಯಸಿದ ಅಮೆರಿಕದ ಮಿಲ್ಮನ್ ಪ್ಯಾರಿಯೆಂಬ ಪಂಡಿತನು 1933ರಿಂದ 1935ರ ನಡುವೆ ಆ ಸೀಮೆಯಲ್ಲಿ ಸಂಚರಿಸಿ, ಅಲ್ಯೂಮಿನಿಯಂ ತಟ್ಟೆಗಳ ಮೇಲೆ ಅವರ ಗಾನವನ್ನು ಮುದ್ರಿಸಿಕೊಂಡನು. ಅವ್ದೋ ಮೆಜೆದೋವಿಚ್ ಎಂಬ ನಿರಕ್ಷರಿಯಾದ ಗಾಯಕನು ಹನ್ನೆರಡು ಸಾವಿರಕ್ಕೂ ಮಿಕ್ಕಿದ ಪಂಕ್ತಿಗಳ ಒಂದೇ ಕಥನವನ್ನು ಅವನಿಗೆ ಹೇಳಿದನು. ಪ್ಯಾರಿಯ ಅಕಾಲ ಮರಣಾನಂತರ ಅವನ ಶಿಷ್ಯ ಆಲ್ಬರ್ಟ್ ಲಾರ್ಡ್ 1960ರಲ್ಲಿ ಪ್ರಕಟಿಸಿದ ಗ್ರಂಥದ ಸಾರವೇನೆಂದರೆ, ಇಂಥ ಗಾಯಕನು ಕಂಠಪಾಠ ಮಾಡಿದ್ದನ್ನು ಒಪ್ಪಿಸುವುದಿಲ್ಲ. ಸಿದ್ಧವಾದ ನುಡಿಗಟ್ಟುಗಳನ್ನೂ ಸಂದರ್ಭಗಳನ್ನೂ ಕೈಗೆಟಕುವಂತೆ ಇಟ್ಟುಕೊಂಡು, ಸಭೆಯ ಮನಸ್ಸನ್ನು ನೋಡಿ, ಹಾಡುತ್ತ ಹಾಡುತ್ತಲೇ ಕಾವ್ಯವನ್ನು ಕಟ್ಟುತ್ತಾನೆ. ಹಲಗೂರಿನ ಸಾಲನ್ನು ಇಬ್ಬರು ನೀಲಗಾರರಿಂದ ಕೇಳಿದವರಿಗೆ ಇದು ಹೊಸ ವಿಷಯವೇನೂ ಅಲ್ಲ. ಒಬ್ಬನು ಪಾಂಚಾಳರ ಕುಲುಮೆಯನ್ನು ಒಂದು ಗಳಿಗೆಯಲ್ಲಿ ದಾಟಿದರೆ ಇನ್ನೊಬ್ಬನು ತಿದಿ, ಅಡಿಗಲ್ಲು, ಇಕ್ಕುಳಗಳನ್ನು ಒಂದೊಂದಾಗಿ ಹಾಡುತ್ತ ಅಲ್ಲಿಯೇ ನಿಲ್ಲುತ್ತಾನೆ. ಎರಡೂ ಹಲಗೂರಿನ ಸಾಲೇ.

ಆದುದರಿಂದಲೇ ಈ ಪ್ರಕಾರವನ್ನು ಪುಸ್ತಕದಲ್ಲಿ ಹಿಡಿಯುವುದು ಕಷ್ಟ. ಮಂಡ್ಯ ಜಿಲ್ಲೆಯು ಕನ್ನಡಕ್ಕೆ ಇಬ್ಬರು ಮಹಾ ಸಂಗ್ರಾಹಕರನ್ನು ಕೊಟ್ಟಿದೆ. ಇಬ್ಬರೂ ನಾಗಮಂಗಲ ತಾಲ್ಲೂಕಿನವರು. ಜೀ.ಶಂ. ಪರಮಶಿವಯ್ಯನವರು ಮೈಸೂರು ವಿಶ್ವವಿದ್ಯಾನಿಲಯದಲ್ಲಿದ್ದುಕೊಂಡು ದಕ್ಷಿಣ ಕರ್ನಾಟಕದ ಕಾವ್ಯಗಾಯಕರನ್ನೂ ಮೂಡಲಪಾಯ ಯಕ್ಷಗಾನದ ಭಾಗವತರನ್ನೂ ಹುಡುಕಿ ತಿರುಗಿದರು, ಎಚ್.ಎಲ್. ನಾಗೇಗೌಡರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಸ್ಥಾಪಿಸಿ, ರಾಮನಗರದ ಬಳಿ ಜಾನಪದ ಲೋಕವನ್ನು ಕಟ್ಟಿದರು. ಇವರಿಲ್ಲದಿದ್ದರೆ ಎಷ್ಟೋ ಕಾವ್ಯಗಳು ಹಾಡಿದವರೊಡನೆಯೇ ಮಣ್ಣುಗೂಡುತ್ತಿದ್ದವೆಂಬುದರಲ್ಲಿ ಸಂಶಯವಿಲ್ಲ. ಆದರೆ ಸಂಗ್ರಹದ ಕಾರ್ಯವು ನಮ್ಮಲ್ಲಿ ಬಹುಮಟ್ಟಿಗೆ ಸಾಹಿತ್ಯದ ವಿದ್ವಾಂಸರಿಂದ ನಡೆದುದರಿಂದ, ಓದುಗರ ಕೈಗೆ ಬಂದುದು ಮಾತು, ಮಟ್ಟು ಬರಲಿಲ್ಲ. ಹಂಗೆರಿಯಲ್ಲಿ ಇದೇ ಕಾರ್ಯವನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕೈಗೊಂಡವರು ಬೇಲಾ ಬಾರ್ತೋಕ್, ಜೋಲ್ತಾನ್ ಕೊಡಾಯ್ ಎಂಬ ಇಬ್ಬರು ಸಂಗೀತ ರಚನಕಾರರು. ಅವರು ಫೋನೋಗ್ರಾಫ್ ಯಂತ್ರವನ್ನು ಹಳ್ಳಿಗಳಿಗೆ ಹೊತ್ತೊಯ್ದು, ರೈತರ ಕೊರಳಿನ ಪ್ರತಿಯೊಂದು ಬಾಗುಬಳುಕನ್ನೂ ಸ್ವರಲಿಪಿಯಲ್ಲಿ ಇಳಿಸಿದರು. ಅವರ ದೇಶದ ಶಾಲೆಗಳಲ್ಲಿ ಮಕ್ಕಳು ಆ ಮಟ್ಟುಗಳನ್ನು ಹಾಡುತ್ತ ಬೆಳೆದರು. ನಮ್ಮಲ್ಲಿ ಮಂಟೇಸ್ವಾಮಿಯ ಕಾವ್ಯವನ್ನು ವಿದ್ಯಾರ್ಥಿಗಳು ಕನ್ನಡ ಸಾಹಿತ್ಯದ ತರಗತಿಯಲ್ಲಿ ಓದುತ್ತಾರೆ. ಗದ್ಯವೆಲ್ಲಿ ಗಾನವಾಯಿತು, ಸೊಲ್ಲು ಎಷ್ಟು ಹೊತ್ತು ನಿಂತಿತು, ಪಾಂಚಾಳರ ಸಭೆಯಲ್ಲಿ ಸಿದ್ಧಪ್ಪಾಜಿಯು ಮೌನವಾಗಿದ್ದಾಗ ತಂಬೂರಿಯು ಏನು ಮಾಡಿತು ಎಂಬುದೊಂದೂ ಆ ಪುಟಗಳಲ್ಲಿಲ್ಲ. ನನ್ನ ದೃಷ್ಟಿಯಲ್ಲಿ ಅರ್ಧ ಕಾವ್ಯವು ಅಲ್ಲಿಯೇ ಇತ್ತು.

ಇನ್ನು ಈ ಸೀಮೆಯ ಎರಡನೆಯ ವಿಸ್ಮಯಕ್ಕೆ ಬರೋಣ. ಕೃಷ್ಣರಾಜಸಾಗರದ ನೀರು ನಾಲೆಯ ಮೂಲಕ ಇಳಿದು, 1933ರಲ್ಲಿ ಮೈಸೂರು ಸಕ್ಕರೆ ಕಂಪನಿಯು ಮಂಡ್ಯದಲ್ಲಿ ನೆಲೆಯೂರಿ, 1939ರಲ್ಲಿ ಮಂಡ್ಯವು ಪ್ರತ್ಯೇಕ ಜಿಲ್ಲೆಯಾದ ಆ ಕಾಲಕ್ಕಾಗಲೇ, ವೃತ್ತಿನಾಟಕ ಕಂಪನಿಗಳು ಮೈಸೂರು ಸೀಮೆಯ ಊರೂರುಗಳನ್ನು ಸುತ್ತುತ್ತಿದ್ದವು. ಮಳವಳ್ಳಿಯ ಹೆಸರನ್ನು ತಮ್ಮ ಹೆಸರಿನೊಡನೆ ಹೊತ್ತ ಸುಂದರಮ್ಮನವರಂಥ ಗಾಯಕನಟಿಯರ ಕಾಲವದು. ಕಂಪನಿಗಳು ಒಂದೊಂದಾಗಿ ಮುಚ್ಚಿದರೂ ಅವುಗಳ ಸಂಗೀತವು ಮುಚ್ಚಲಿಲ್ಲ. ಅದನ್ನು ಹಳ್ಳಿಯ ಬೇಸಾಯಗಾರರು ಎತ್ತಿಕೊಂಡರು. ಇಂದಿಗೂ ಮದ್ದೂರು, ಮಂಡ್ಯ ತಾಲ್ಲೂಕುಗಳ ಗ್ರಾಮಗಳಲ್ಲಿ ಕುರುಕ್ಷೇತ್ರ ನಾಟಕವನ್ನು ಆಡುವವರು ಕಬ್ಬು ಬತ್ತ ಬೆಳೆಯುವ ಗೃಹಸ್ಥರು, ಶಾಲೆಯ ಮೇಷ್ಟ್ರುಗಳು, ಅಂಗಡಿಯವರು. ದುರ್ಯೋಧನ, ಕೃಷ್ಣ, ಕರ್ಣರ ಪಾತ್ರಗಳಿಗಾಗಿ ಅವರು ತಮ್ಮ ಕೈಯಿಂದಲೇ ಹಣ ಹಾಕಿ, ಸೀನರಿಯನ್ನು ಬಾಡಿಗೆಗೆ ತರಿಸಿ, ತಿಂಗಳುಗಟ್ಟಲೆ ಇರುಳಿನಲ್ಲಿ ಅಭ್ಯಾಸ ಮಾಡುತ್ತಾರೆ. ಅವರಿಗೆ ಗುರುವೂ ನಿರ್ದೇಶಕನೂ ಆದವನು ಹಾರ್ಮೋನಿಯಂ ಮೇಷ್ಟ್ರು.

ಈ ನಾಟಕದ ಸಂಗೀತವನ್ನು ‘ಅಪಭ್ರಂಶ’ವೆಂದು ಕಡೆಗಣಿಸುವ ವಿದ್ವಾಂಸರುಂಟು. ಅವರೊಡನೆ ನಾನು ಸಮ್ಮತಿಸಲಾರೆ. ಅಲ್ಲಿ ಕರ್ನಾಟಕ ಸಂಗೀತದ ರಾಗವೂ ಹಿಂದೂಸ್ಥಾನಿಯ ಛಾಯೆಯೂ ಪಾರಸಿ ರಂಗಭೂಮಿಯ ಧಾಟಿಯೂ ಒಂದೇ ಇರುಳಿನಲ್ಲಿ ಬಂದುಹೋಗುವುದು ನಿಜ. ಆದರೆ ಅವುಗಳ ನಡುವೆ ಎದ್ದು ನಿಲ್ಲುವುದು ಕಂದಪದ್ಯ. ಒಂದನೆಯ ಮತ್ತು ಮೂರನೆಯ ಪಾದಗಳಲ್ಲಿ ಹನ್ನೆರಡು ಮಾತ್ರೆ, ಎರಡನೆಯ ಮತ್ತು ನಾಲ್ಕನೆಯ ಪಾದಗಳಲ್ಲಿ ಇಪ್ಪತ್ತು ಮಾತ್ರೆಗಳುಳ್ಳ, ಪಂಪ ರನ್ನರು ಧಾರಾಳವಾಗಿ ಬಳಸಿದ ಆ ಛಂದಸ್ಸು, ವಿದ್ಯಾವಂತರಲ್ಲಿ ಬಹುಕಾಲದ ಹಿಂದೆಯೇ ಓದಿನ ವಸ್ತುವಾಯಿತು. ಮಂಡ್ಯದ ಹಳ್ಳಿಯಲ್ಲಾದರೋ ದುರ್ಯೋಧನನ ಪಾತ್ರಧಾರಿಯು ಗದೆಯನ್ನು ಹೆಗಲ ಮೇಲಿರಿಸಿ, ತಾಳವನ್ನು ನಿಲ್ಲಿಸಿ, ಹಾರ್ಮೋನಿಯಂ ಮೇಷ್ಟ್ರು ಹಿಡಿದ ಸ್ವರದ ಮೇಲೆ ಕಂದವನ್ನೆತ್ತಿ, ಅಕ್ಷರವೊಂದನ್ನು ಮೇಲಿನ ಷಡ್ಜದಲ್ಲಿ ಉಸಿರು ಕಟ್ಟುವಷ್ಟು ಹೊತ್ತು ನಿಲ್ಲಿಸುತ್ತಾನೆ. ಕೊನೆಯ ಪಾದ ಮುಗಿಯುವ ಮೊದಲೇ ಬಯಲಿನ ಜನ ‘ಒನ್ಸ್ ಮೋರ್’ ಎಂದು ಕೂಗುತ್ತಾರೆ. ಕುರುಕುಲದ ಅರಸನು ಕಥೆಯನ್ನು ಅಲ್ಲಿಯೇ ನಿಲ್ಲಿಸಿ ಮತ್ತೊಮ್ಮೆ ಹಾಡುತ್ತಾನೆ. ಸಾವಿರ ವರ್ಷಗಳಷ್ಟು ಹಳೆಯ ಛಂದಸ್ಸೊಂದಕ್ಕೆ ರೈತರು ಮಧ್ಯರಾತ್ರಿಯಲ್ಲಿ ಹೀಗೆ ಮರುಹಾಡು ಬೇಡುವ ನಾಡು ಇನ್ನೆಲ್ಲಿದೆಯೋ ನಾನರಿಯೆ.

ಆ ಹಾರ್ಮೋನಿಯಮ್ಮಿನ ಪೂರ್ವವೃತ್ತಾಂತವೂ ಕುತೂಹಲಕರವಾದುದೇ. ಪ್ಯಾರಿಸ್ಸಿನ ಅಲೆಕ್ಸಾಂದ್ರ್ ದೆಬೆಂ 1842ರಲ್ಲಿ ಹಕ್ಕುಪತ್ರವನ್ನು ಪಡೆದ ಆ ವಾದ್ಯವನ್ನು ಕಾಲಿನಿಂದ ತಿದಿಯೊತ್ತಿ ನುಡಿಸಬೇಕಾಗಿತ್ತು. ಕಲ್ಕತ್ತದ ದ್ವಾರಕಾನಾಥ ಘೋಷರು ಅದನ್ನು ನೆಲದ ಮೇಲೆ ಕುಳಿತು ನುಡಿಸುವ ನಮ್ಮ ಪದ್ಧತಿಗೆ ಹೊಂದುವಂತೆ, ಕೈಯಿಂದ ತಿದಿಯೊತ್ತುವ ಪೆಟ್ಟಿಗೆಯನ್ನಾಗಿ ಮಾರ್ಪಡಿಸಿದರು. ಸ್ವರಗಳು ಅಚಲವಾಗಿ ನಿಂತಿರುವ ಈ ಪೆಟ್ಟಿಗೆಯಲ್ಲಿ ಗಮಕಕ್ಕೆ ಎಡೆಯಿಲ್ಲವೆಂಬ ಆಕ್ಷೇಪದಿಂದ ಆಕಾಶವಾಣಿಯು 1940ರಿಂದ 1971ರವರೆಗೆ ಅದನ್ನು ನಿಷೇಧಿಸಿತ್ತು. ಆಕ್ಷೇಪದಲ್ಲಿ ಶಾಸ್ತ್ರಸತ್ಯವಿದೆ. ಆದರೆ ಬಯಲಿನಲ್ಲಿ, ಸಾವಿರ ಜನರ ಎದುರಿಗೆ, ಶ್ರುತಿಜ್ಞಾನವನ್ನು ಶಾಲೆಯಲ್ಲಿ ಕಲಿಯದ ಒಬ್ಬ ರೈತನ ಕೊರಳನ್ನು ಇರುಳಿಡೀ ದಾರಿತಪ್ಪದಂತೆ ಕಾಯಬಲ್ಲ ವಾದ್ಯವು ಅದೊಂದೇ ಆಗಿತ್ತು; ಕೈಬೀಸಿ ಹಾಡುವ ಆ ಎತ್ತರದ ದನಿಯೂ ನಿಲುಗಡೆಯೂ ಆ ಪೆಟ್ಟಿಗೆಯ ಬಲದಿಂದಲೇ ಸಾಧ್ಯವಾದುವು. ಪರದೇಶದ ಯಂತ್ರವೊಂದು ಹಳೆಗನ್ನಡದ ಛಂದಸ್ಸಿಗೆ ಹೀಗೆ ಊರುಗೋಲಾದುದು ನಮ್ಮ ಸಂಗೀತ ಚರಿತ್ರೆಯಲ್ಲಿ ಬರೆದಿಡಬೇಕಾದ ಅಧ್ಯಾಯ.

ಅರಮನೆ ಮತ್ತು ವಿದ್ಯಾವಂತರ ಮನೆಗಳ ಸಂಗೀತವನ್ನು ಬಲ್ಲವರು ಬೇಕಾದಷ್ಟು ಬರೆದಿರುವುದರಿಂದ ನಾನು ಅದನ್ನು ಬೇಗ ದಾಟುತ್ತೇನೆ. 1610ರಿಂದ ಒಡೆಯರ ರಾಜಧಾನಿಯಾಗಿದ್ದ ಶ್ರೀರಂಗಪಟ್ಟಣವು ಈ ಜಿಲ್ಲೆಯಲ್ಲಿಯೇ ಇದೆ. ಅಲ್ಲಿ 1648ರಲ್ಲಿ ಗೋವಿಂದವೈದ್ಯನು ಸಾಂಗತ್ಯದಲ್ಲಿ ರಚಿಸಿದ ಕಂಠೀರವ ನರಸರಾಜ ವಿಜಯವೂ, ಜಯದೇವನ ಗೀತಗೋವಿಂದದ ಜಾಡಿನಲ್ಲಿ ಹುಟ್ಟಿ ಚಿಕ್ಕದೇವರಾಜ ಒಡೆಯರ ಹೆಸರಿನಲ್ಲಿ ಪ್ರಸಿದ್ಧವಾದ ಗೀತಗೋಪಾಲವೂ ಹಾಡುವುದಕ್ಕೆಂದೇ ಹುಟ್ಟಿದವು. 1905ರಲ್ಲಿ ಮೇಲುಕೋಟೆಯಲ್ಲಿ ಜನಿಸಿದ ಪು.ತಿ.ನರಸಿಂಹಾಚಾರ್ಯರು ಗೋಕುಲ ನಿರ್ಗಮನದಂಥ ಗೀತರೂಪಕಗಳಿಗೆ ತಾವೇ ಮಟ್ಟುಗಳನ್ನು ಹಾಕಿ, ಹೊಸ ರಾಗಗಳನ್ನೂ ಕಲ್ಪಿಸಿದರು. ಕೃಷ್ಣರಾಜಪೇಟೆ ತಾಲ್ಲೂಕಿನ ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿಯವರ ಮೈಸೂರು ಮಲ್ಲಿಗೆಯು 1942ರಲ್ಲಿ ಪುಸ್ತಕವಾಗಿ ಬಂದು, ಅನಂತರ ಸಿ. ಅಶ್ವಥ್ ಮೊದಲಾದವರ ಕಂಠದಿಂದ ಮನೆಮನೆಯನ್ನು ಸೇರಿ, ಸುಗಮ ಸಂಗೀತವೆಂಬ ಪ್ರಕಾರಕ್ಕೆ ತಳಹದಿಯ ಕಲ್ಲುಗಳಲ್ಲೊಂದಾಯಿತು. ಅಚ್ಚಿನಲ್ಲಿ ಹುಟ್ಟಿದ ಕವಿತೆಯು ಹಾಡಾದ ಈ ಬಗೆಯು, ಹಾಡಾಗಿ ಹುಟ್ಟಿದ ಮಂಟೇಸ್ವಾಮಿಯ ಕಾವ್ಯವು ಅಚ್ಚಾದ ಬಗೆಗೆ ತೀರ ವಿಪರೀತವಾಗಿದೆ. ಒಂದೇ ಜಿಲ್ಲೆಯಲ್ಲಿ, ಒಂದೇ ಶತಮಾನದಲ್ಲಿ ಎರಡೂ ನಡೆದುವು.

ಪ್ರಕಾರವೊಂದು ತನ್ನ ಸಂದರ್ಭವನ್ನು ಬಿಟ್ಟು ಹೊರಟಾಗ ಏನಾಗುವುದೆಂಬುದಕ್ಕೆ ಇತ್ತೀಚಿನ ಒಂದು ನಿದರ್ಶನವಿದೆ. ಮಾದೇಶ್ವರನ ಕಾವ್ಯದಲ್ಲಿ ಸಂಕಮ್ಮನ ಸಾಲಿಗೆ ಸಂಬಂಧಿಸಿದ ಕೋಲುಮಂಡೆ ಪದವನ್ನು 2020ರಲ್ಲಿ ರ‍್ಯಾಪ್ ಶೈಲಿಯಲ್ಲಿ ಚಿತ್ರೀಕರಿಸಿ ಬಿಡುಗಡೆ ಮಾಡಿದಾಗ, ಶರಣೆ ಸಂಕಮ್ಮನನ್ನು ತೋರಿಸಿದ ರೀತಿಯಿಂದ ನೊಂದ ಭಕ್ತರು ಆಕ್ಷೇಪಿಸಿದರು, ವೀಡಿಯೊವನ್ನು ಹಿಂತೆಗೆದುಕೊಳ್ಳಲಾಯಿತು. ಹಳೆಯ ಪದಕ್ಕೆ ಹೊಸ ಧಾಟಿ ಬರಬಾರದೆಂದು ನಾನು ಹೇಳುವವನಲ್ಲ. ನಾಟಕದ ಮೇಷ್ಟ್ರುಗಳು ನೂರು ವರ್ಷದಿಂದ ಮಾಡುತ್ತ ಬಂದಿರುವುದು ಅದನ್ನೇ. ನ್ಯೂಯಾರ್ಕಿನ ಕಪ್ಪು ಜನರ ಬೀದಿಗಳಲ್ಲಿ 1970ರ ದಶಕದಲ್ಲಿ ಬೆಳೆದ ರ‍್ಯಾಪ್ ಪ್ರಕಾರಕ್ಕೂ, ಲಯದ ಮೇಲೆ ಮಾತನ್ನು ಸವಾರಿ ಮಾಡಿಸುವ ನೀಲಗಾರನ ಗದ್ಯಕ್ಕೂ ನಿಜವಾದ ಸಾಮ್ಯವಿದೆ. ಬಲ್ಲವನೊಬ್ಬನು ಇವೆರಡನ್ನೂ ಬೆಸೆದರೆ ಅದ್ಭುತವೇ ಆದೀತು. ಆದರೆ ದೇವರಗುಡ್ಡರಿಗೂ ಅವರ ಒಕ್ಕಲಿಗೂ ಸಂಕಮ್ಮನು ಪಾತ್ರವೆಂಬುದಕ್ಕಿಂತ ಹೆಚ್ಚಿನವಳು, ಮನೆಯವಳು. ಅವಳ ಹಾಡನ್ನು ಎತ್ತಿಕೊಳ್ಳುವವನು ಅವರ ಮನೆಯ ಹೊಸಿಲನ್ನು ದಾಟುತ್ತಿರುವನೆಂಬುದನ್ನು ಬಲ್ಲವನಾಗಿರಬೇಕು.

ಮೈಸೂರಿನಲ್ಲಿ ಗಂಗೂಬಾಯಿ ಹಾನಗಲ್ ಅವರ ಹೆಸರಿನ ಸಂಗೀತ ವಿಶ್ವವಿದ್ಯಾಲಯವಿದೆ. ಅಲ್ಲಿಂದ ಬೊಪ್ಪೇಗೌಡನಪುರಕ್ಕೆ ಅರ್ಧ ದಿನದ ದಾರಿಯೂ ಇಲ್ಲ. ವೀಣೆ ಶೇಷಣ್ಣನವರ ರಚನೆಗಳಿಗೆ ಸ್ವರಲಿಪಿಯನ್ನು ಬರೆದಿಟ್ಟಂತೆ, ಇಡೀ ಇರುಳಿನ ಹಲಗೂರಿನ ಸಾಲೊಂದನ್ನು, ಗದ್ಯ, ಗಾನ, ಸೊಲ್ಲು, ತಂಬೂರಿಯ ಪೆಟ್ಟುಗಳ ಸಹಿತ, ಸಂಗೀತ ಬಲ್ಲವರೇ ಕುಳಿತು ಬರೆದಿಡಬೇಕು. ಇಬ್ಬರು ಮೂವರು ಹಾಡುಗಾರರ ಪಾಠಗಳನ್ನು ಅಕ್ಕಪಕ್ಕದಲ್ಲಿರಿಸಬೇಕು. ಅದಕ್ಕಾಗಿ ಹಾಡಿದವರಿಗೆ ವಿದ್ವಾಂಸರಿಗೆ ಸಲ್ಲುವ ಗೌರವ ಸಂಭಾವನೆಗಳೇ ಸಲ್ಲಬೇಕು. ಮೇಳದಲ್ಲಿ ಹುಡುಗನು ಮೊದಲು ತಾಳ ಹಿಡಿದು, ಆಮೇಲೆ ಸೊಲ್ಲಿಗೆ ದನಿಗೂಡಿಸಿ, ವರ್ಷಗಳ ಮೇಲೆ ಹಿರಿಯನು ಬಳಲಿದ ಗಳಿಗೆಯಲ್ಲಿ ಒಂದೆರಡು ನುಡಿಗಳನ್ನು ತಾನೇ ಎತ್ತಿಕೊಳ್ಳುವ ಕಲಿಕೆಯ ಆ ಕ್ರಮಕ್ಕೆ ಯಾವ ಲಿಪಿಯೂ ಬದಲಾಗಲಾರದೆಂಬುದನ್ನು ನಾನು ಬಲ್ಲೆ. ಅಂಥ ಹುಡುಗರು ಇನ್ನೂ ಇರುವಾಗಲೇ ಈ ಕೆಲಸವಾಗಬೇಕು.

ಓದುಗರಲ್ಲಿ ಯಾರಿಗಾದರೂ ಕೇಳುವ ಆಸೆ ಹುಟ್ಟಿದರೆ, ಪುಷ್ಯಮಾಸದ ಹುಣ್ಣಿಮೆಯಂದು ಆರಂಭವಾಗಿ ಐದು ದಿನ ನಡೆಯುವ ಚಿಕ್ಕಲ್ಲೂರಿನ ಜಾತ್ರೆಗೆ ಹೋಗಬಹುದು. ಬೆಂಕಿ ಹಚ್ಚುವ ಚಂದ್ರಮಂಡಲವೆಂಬ ಆಕೃತಿಯು ಉರಿದ ಮೇಲೆ ಹೆಚ್ಚಿನ ಜನ ಚದುರುತ್ತಾರೆ. ಆಗ ಎಲ್ಲಾದರೂ ಒಂದು ಮೇಳದ ಬಳಿ ಕಂಬಳಿ ಹಾಸಿ ಕುಳಿತು, ಮೇಳದಿಂದ ಮೇಳಕ್ಕೆ ಓಡಾಡದೆ, ಒಂದೇ ಸಾಲನ್ನು ಆರಂಭದಿಂದ ಕೇಳಬೇಕು. ಮೊದಲ ಒಂದು ಗಂಟೆ ಮಟ್ಟು ಒಂದೇ ಬಗೆಯದೆಂದು ತೋರೀತು. ಅನಂತರ ಕಿವಿಯು ಮಾತಿಗೂ ಹಾಡಿಗೂ ನಡುವಣ ಎಡೆಯನ್ನು ಗುರುತಿಸತೊಡಗುತ್ತದೆ, ಕೇಳಬೇಕಾದುದು ಅದನ್ನೇ.